ಮೂರನೆಯ ತಂತಿ

"ಕಟ್ಟಿಹಾಕು ಅಂದ್ರೆ ಕಟ್ಟಿಹಾಕಬೇಕಮ್ಮ," ಎಂದರು ಅತ್ತೆ. "ಒಂದು ಮರದ ತುಂಡು ತುರುಕು, ಸ್ಕ್ರೂ ಬಿಗಿ ಮಾಡು, ಮುಗೀತು. ಅಲ್ಲಾಡೋದನ್ನ ನಂಬ್ಕೊಂಡು ಯಾರಾದ್ರೂ ಸ್ಟೇಜ್ ಹತ್ತುತ್ತಾರಾ?"

ಸೊಸೆ ತಲೆ ಎತ್ತಲಿಲ್ಲ. ಅವರ ಗಿಟಾರ್ ರಿಪೇರಿ ಅಂಗಡಿಯ ಮೇಜಿನಲ್ಲಿ ಹಾಸಿದ್ದ ಹಳೆಯ ಟವೆಲಿನ ಮೇಲೆ, ಗಿರಾಕಿ ದಂತವೈದ್ಯೆಯೊಬ್ಬರ ಕೆಂಪು ಎಲೆಕ್ಟ್ರಿಕ್ ಗಿಟಾರ್ ಬೋರಲಾಗಿ ಮಲಗಿತ್ತು. ಹಿಂಬದಿಯ ಮುಚ್ಚಳ ತೆಗೆದಿದ್ದರಿಂದ ಒಳಗಿನ ಸ್ಪ್ರಿಂಗುಗಳು ಕಾಣುತ್ತಿದ್ದವು. ಮುಂದಿನಿಂದ ಆರು ತಂತಿಗಳು ತಮ್ಮ ಬುಡ ಸಿಕ್ಕಿಸಿದ ಲೋಹದ ಬ್ರಿಜ್ಜನ್ನು ಒಂದು ಕಡೆಗೆ ಎಳೆಯುತ್ತವೆ, ಹಿಂದಿನಿಂದ ಈ ಸ್ಪ್ರಿಂಗುಗಳು ಇನ್ನೊಂದು ಕಡೆಗೆ. ಎರಡೂ ಸಮನಾದರೆ ಬ್ರಿಜ್ ನಡುವೆ ತೇಲಿದಂತೆ ನಿಲ್ಲುತ್ತದೆ. ಅದಕ್ಕೆ ಸಿಕ್ಕಿಸಿದ ಕಡ್ಡಿಯನ್ನು ಒತ್ತಿದರೆ ಸ್ವರ ಕೆಳಗಿಳಿಯುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಮರಳಿ ಬರುತ್ತದೆ. ಬರಬೇಕು. ಬರದಿದ್ದರೆ ಗಿಟಾರ್ ಶ್ರುತಿ ತಪ್ಪುತ್ತದೆ, ಅದೂ ಹಾಡಿನ ನಡುವೆ, ಎಲ್ಲರ ಎದುರಿಗೆ.

ಆ ರಗಳೆಯೇ ಬೇಡವೆಂದು ಅತ್ತೆ ಅಂಗಡಿಗೆ ಬಂದ ಇಂಥ ಗಿಟಾರುಗಳಿಗೆಲ್ಲ ಮರದ ತುಂಡು ಬಡಿದು ಬ್ರಿಜ್ ಅಲುಗದಂತೆ ಮಾಡಿಬಿಡುತ್ತಿದ್ದರು. ಕಡ್ಡಿಯನ್ನು ಕಳಚಿ ಗಿರಾಕಿಯ ಕೈಗಿಟ್ಟು, "ಬೆನ್ನು ಕೆರ್ಕೊಳ್ಳೋಕೆ ಇಟ್ಕೊಳ್ಳಿ" ಎನ್ನುತ್ತಿದ್ದರು. ಅವರ ಕೈಯಿಂದ ಹೋದ ಗಿಟಾರ್ ಶ್ರುತಿ ನಿಲ್ಲುವುದಿಲ್ಲವೆಂದು ವಾಪಸು ಬಂದದ್ದೇ ಇಲ್ಲ. ಅಂಗಡಿಗಿದ್ದ ಹೆಸರು ಅದೇ.

ಆದರೆ ಕಳೆದ ವಾರ ಹರಿದ ತಂತಿಯೊಂದು ಸಿಡಿದು ಅತ್ತೆಯ ಹೆಬ್ಬೆರಳನ್ನು ಸೀಳಿತ್ತು. ಬಲಗೈಗೆ ಹೊಲಿಗೆ ಬಿದ್ದು, ಬ್ಯಾಂಡೇಜು ಸುತ್ತಿ, ಕೈ ಎನ್ನುವುದು ಹತ್ತಿಯ ಮೂಟೆಯಂತಾಗಿತ್ತು. ಹಾಗಾಗಿ ಅಂಗಡಿಯ ಕೆಲಸವೆಲ್ಲ ಸೊಸೆಯ ಪಾಲಿಗೆ ಬಂದಿತ್ತು. ನಿನ್ನೆ ಫೋನ್ ಎತ್ತಿದ್ದೂ ಅವಳೇ. "ಈ ಸಲ ಕಡ್ಡಿ ಬೇಕೇ ಬೇಕು, ಕೊನೇ ಹಾಡು ನಿಂತಿರೋದೇ ಅದರ ಮೇಲೆ," ಎಂದಿದ್ದರು ದಂತವೈದ್ಯೆ. "ತಂತೀನೂ ದಪ್ಪದ್ದು ಹಾಕ್ಬೇಕು. ನಾಳೆ ಸಂಜೆ ಪ್ರೋಗ್ರಾಂ. ಆಗುತ್ತಾ?"

ಅತ್ತೆ ಸ್ನಾನದ ಮನೆಯಲ್ಲಿದ್ದರು. ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಸೊಸೆ "ಆಗುತ್ತೆ" ಎಂದುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ತಂತಿ ಬದಲಿಸುವುದು, ಒರೆಸುವುದು, ಬೆಸುಗೆ ಹಾಕುವುದು ಅವಳ ಪಾಲಿನ ಕೆಲಸ. ಗಿರಾಕಿಗೆ ಮಾತು ಕೊಡುವುದು ಅತ್ತೆಯದು.



ಬೆಳಗ್ಗೆ ಬ್ರಿಜ್ ಅಲುಗದಿರಲೆಂದು ಅದರ ಹಿಂದೆ ತಾತ್ಕಾಲಿಕವಾಗಿ ಮರದ ಚೂರೊಂದನ್ನು ಇಟ್ಟು, ಹಳೆಯ ತಂತಿ ತೆಗೆದು ಹೊಸದನ್ನು ಕಟ್ಟಿದ್ದಳು. ಆಮೇಲೆ ಜಗ್ಗಿ ಶ್ರುತಿ ಇಳಿಯದಂತೆ ಕೈಯಿಂದ ಎಳೆದೆಳೆದು ಅವುಗಳ ಹೊಸತನವನ್ನು ಕಳೆದಿದ್ದಳು. ದಪ್ಪ ತಂತಿಯ ಬಲಕ್ಕೆ ಸಾಟಿಯಾಗುವಂತೆ ಸ್ಪ್ರಿಂಗುಗಳ ಕೊಕ್ಕೆಯನ್ನು ಸ್ವಲ್ಪ ಬಿಗಿ ಮಾಡುವುದು, ಶ್ರುತಿ ನೋಡುವುದು, ಮತ್ತೆ ಬಿಗಿ ಮಾಡುವುದು. ಒಂದು ತಂತಿ ಏರಿಸಿದರೆ ಉಳಿದವು ಇಳಿಯುತ್ತವೆ. ಒಬ್ಬರನ್ನು ಸಮಾಧಾನ ಮಾಡಿದರೆ ಇನ್ನೊಬ್ಬರು ಮುನಿಸಿಕೊಳ್ಳುವ ದೊಡ್ಡ ಮನೆಯ ಹಾಗೆ.

ಈಗ ಆ ಮರದ ಚೂರನ್ನು ಹೊರಗೆಳೆದಳು. ಬ್ರಿಜ್ ಕದಲಲಿಲ್ಲ. ಗಿಟಾರನ್ನು ನೆಟ್ಟಗೆ ಹಿಡಿದು, ಕಡ್ಡಿಯನ್ನು ತಂತಿಗಳು ಸಡಿಲಾಗುವಷ್ಟು ಒತ್ತಿ, ಬಿಟ್ಟಳು.

ಐದು ತಂತಿಗಳು ತಮ್ಮ ಶ್ರುತಿಗೆ ಮರಳಿ ಬಂದವು. ಮೂರನೆಯದು ಶ್ರುತಿಗಿಂತ ಕೂದಲೆಳೆಯಷ್ಟು ಮೇಲೆ ನಿಂತಿತು.

"ಕೇಳಿಸ್ತಾ?" ಎಂದರು ಅತ್ತೆ. ಅವರ ದನಿಯಲ್ಲಿ ಗೆದ್ದ ಸಂತೋಷಕ್ಕಿಂತ ನಿರಾಳವೇ ಹೆಚ್ಚಿತ್ತು. "ಇನ್ನೂ ಟೈಮಿದೆ. ತುಂಡು ಹಾಕು. ಡಾಕ್ಟ್ರಿಗೆ ನಾನು ಹೇಳ್ತೀನಿ, ನನ್ನ ಕೈ ನೋಡಿ ಪಾಪ ಅಂತಾರೆ, ಬೈಯಲ್ಲ."

ಸೊಸೆ ಮತ್ತೆ ಒತ್ತಿದಳು, ಬಿಟ್ಟಳು. ಮತ್ತೆ ಅದೇ. ಈ ಸಲ ಆ ತಂತಿಯನ್ನು ಬೆರಳಿನಿಂದ ಒಮ್ಮೆ ಪಕ್ಕಕ್ಕೆ ಜಗ್ಗಿ ನೋಡಿದಳು. ಟಿಕ್ ಎಂದಿತು. ಶ್ರುತಿ ಸರಿಯಾಯಿತು. ಸದ್ದು ಬಂದದ್ದು ಬ್ರಿಜ್ಜಿನಿಂದಲ್ಲ, ಮೇಲಿನಿಂದ. ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಮೂಳೆಯ ಪಟ್ಟಿಯಿಂದ.

"ಅತ್ತೆ, ಸ್ಪ್ರಿಂಗಿಂದಲ್ಲ. ಮೂಳೆ ಹಿಡ್ಕೊಳ್ತಿದೆ."

"ಆ ಮೂಳೆ ನಾನು ಕೂರಿಸಿದ್ದು."

"ಗೊತ್ತು."

"ಒಂದೊಂದು ಸೀಳೂ ನಾನೇ ಅರ ಹಾಕಿದ್ದು. ಅದರಲ್ಲಿ ತಪ್ಪಿರೋಕೆ ಸಾಧ್ಯ ಇಲ್ಲ."

ಸೊಸೆ ಸೀಳಿನ ಪಕ್ಕ ಉಗುರಿಟ್ಟು ತೋರಿಸಿದಳು. "ತಪ್ಪಿಲ್ಲ ಅತ್ತೆ. ಹಳೇ ತಂತಿಗೆ ಅಳತೆ ತೆಗೆದ ಹಾಗಿದೆ. ಅದಕ್ಕೇ ದಪ್ಪ ತಂತಿ ಸಿಕ್ಕಿಹಾಕ್ಕೊಳ್ತಿದೆ. ಸೀಳು ಸ್ವಲ್ಪ ಅಗಲ ಆಗಬೇಕು."

ಇಬ್ಬರಿಗೂ ಗೊತ್ತಿದ್ದದ್ದನ್ನು ಹೇಳುವ ಅಗತ್ಯವಿರಲಿಲ್ಲ. ಅರ ಒಂದು ಎಳೆ ಆಳಕ್ಕೆ ಹೋದರೆ ತಂತಿ ಕತ್ತಿನ ಮೇಲಿನ ಲೋಹದ ಗೆರೆಗೆ ತಾಗಿ ಗುಯ್ ಎನ್ನುತ್ತದೆ. ಆಮೇಲೆ ಮೂಳೆಯ ಪಟ್ಟಿಯನ್ನೇ ಕಿತ್ತು ಹೊಸದು ಕಡೆಯಬೇಕು, ಅದು ಒಂದು ದಿನದ ಕೆಲಸ. ದಂತವೈದ್ಯೆ ಇನ್ನೇನು ಬರುವ ಹೊತ್ತು.

ಸೊಸೆ ಮೂರನೆಯ ತಂತಿಯನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದಳು. ಅರದ ಪೆಟ್ಟಿಗೆಯಿಂದ ತೆಳ್ಳನೆಯದೊಂದನ್ನು ಆರಿಸಿ ಸೀಳಿನ ಮೇಲಿಟ್ಟಳು. ಗಿಟಾರಿನ ಕತ್ತು ಅಲುಗಿತು. ಅರವನ್ನು ತೆಗೆದಳು.

ಕುರ್ಚಿ ಸರಿದ ಸದ್ದಾಯಿತು. ಅತ್ತೆ ಎದ್ದು ಬಂದು, ಮೇಜಿನ ಆಚೆ ನಿಂತು, ಎಡಗೈಯಲ್ಲಿ ಗಿಟಾರಿನ ಕತ್ತನ್ನು ಗಟ್ಟಿಯಾಗಿ ಹಿಡಿದರು.

"ಕೆಳಕ್ಕೆ ಒತ್ತಬೇಡ. ಪಕ್ಕದ ಗೋಡೆ ಮಾತ್ರ ಸವರು. ಉಸಿರು ಬಿಡ್ತಾ ಎಳಿ."

ಸೊಸೆ ಉಸಿರು ಬಿಡುತ್ತಾ ಎಳೆದಳು. ಬಿಳಿಯ ಪುಡಿ ಉದುರಿತು. ಆ ಕಡೆಯ ಗೋಡೆಗೂ ಅಷ್ಟೇ.

"ಇನ್ನೊಂದು?" ಎಂದರು ಅತ್ತೆ.

"ಬೇಡ," ಎಂದಳು ಸೊಸೆ. ತನ್ನ ದನಿಯಲ್ಲಿದ್ದ ಖಚಿತತೆಗೆ ತಾನೇ ಬೆಚ್ಚಿದಳು. ತಂತಿ ಸಲೀಸಾಗಿ ಜಾರಲೆಂದು ಪೆನ್ಸಿಲಿನ ಮೊನೆಯಿಂದ ಸೀಳಿನೊಳಗೆ ಕಪ್ಪು ಬಳಿದು, ತಂತಿಯನ್ನು ಕೂರಿಸಿ ಶ್ರುತಿಗೆ ತಂದಳು. ಗುಯ್ ಎನ್ನಲಿಲ್ಲ.

ಕಡ್ಡಿ ಒತ್ತುವ ಮೊದಲೇ ಬಾಗಿಲು ತೆರೆದುಕೊಂಡಿತು. ದಂತವೈದ್ಯೆ ಕ್ಲಿನಿಕ್ಕಿನಿಂದ ನೇರವಾಗಿ ಬಂದಿದ್ದರು, ಕುತ್ತಿಗೆಯಲ್ಲಿ ಇನ್ನೂ ಮಾಸ್ಕ್ ನೇತಾಡುತ್ತಿತ್ತು.

"ಏನು, ಇಬ್ಬರೂ ಸೇರಿ ನನ್ನ ಗಿಟಾರಿನ ಹಲ್ಲು ಕೀಳ್ತಿದ್ದೀರಾ?"

"ಕೀಳೋದು ನಿಮ್ಮ ಕೆಲಸ," ಎಂದರು ಅತ್ತೆ. "ನಾವು ಬರೀ ಉಜ್ಜಿದ್ದು. ತಗೊಳ್ಳಿ, ನೋಡಿ."

ಸೊಸೆಗೆ ಬೇಡ ಎನ್ನಬೇಕೆನಿಸಿತು. ಮೊದಲು ನಾನೊಮ್ಮೆ ನೋಡುತ್ತೇನೆ ಎನ್ನಬೇಕೆನಿಸಿತು. ಅಷ್ಟರಲ್ಲಿ ದಂತವೈದ್ಯೆ ಗಿಟಾರಿನ ಬೆಲ್ಟನ್ನು ಹೆಗಲಿಗೇರಿಸಿ, ಮೂಲೆಯ ಪುಟ್ಟ ಆಂಪ್ಲಿಫೈಯರಿಗೆ ವೈರು ಚುಚ್ಚಿ ಆಗಿತ್ತು. ಆರೂ ತಂತಿಗಳನ್ನು ಒಟ್ಟಿಗೆ ಮೀಟಿ, ಕಡ್ಡಿಯನ್ನು ನಿರ್ದಾಕ್ಷಿಣ್ಯವಾಗಿ ತಳದವರೆಗೆ ಒತ್ತಿದರು. ಸ್ವರ ಮೆಟ್ಟಿಲಿನಿಂದ ಉರುಳಿದಂತೆ ಇಳಿದು, ಗೊರಗೊರ ಎಂದು, ಬಹುತೇಕ ಇಲ್ಲವಾಯಿತು. ಸೊಸೆ ಕಣ್ಣು ಮುಚ್ಚಿಕೊಂಡಳು.

ಅದು ಎದ್ದು ಬಂತು. ಆರೂ ಬಂದವು, ಒಂದರ ಭುಜಕ್ಕೆ ಒಂದು ತಾಗಿ, ಹೊರಟ ಜಾಗಕ್ಕೇ.

ದಂತವೈದ್ಯೆ ಮೂರನೆಯ ತಂತಿಯೊಂದನ್ನೇ ಮೀಟಿದರು. ಮತ್ತೆ ಒತ್ತಿದರು. ಒತ್ತಿ ಅಲ್ಲಾಡಿಸಿದರು, ಎತ್ತಿ ಎಳೆದರು. "ಅಯ್ಯೋ," ಎಂದರು ಮೆತ್ತಗೆ. "ಇದು ಹೀಗೂ ಇರುತ್ತೆ ಅಂತ ಗೊತ್ತೇ ಇರಲಿಲ್ಲ. ಹೇಗ್ ಮಾಡಿದ್ರಿ ಆಂಟಿ, ಈ ಕೈಯಲ್ಲಿ?"

"ನಾನೆಲ್ಲಿ ಮಾಡಿದೆ? ಕತ್ತು ಹಿಡ್ಕೊಂಡಿದ್ದೆ ಅಷ್ಟೇ. ಇವಳು ಮಾಡಿದ್ದು." ಅತ್ತೆ ಸೊಸೆಯ ಕಡೆ ನೋಡಲಿಲ್ಲ. "ಫೋನಲ್ಲಿ ಮಾತೂ ಇವಳೇ ಕೊಟ್ಟಿದ್ದು. ನನ್ನ ಕೇಳಿದ್ದಿದ್ರೆ ಆಗಲ್ಲ ಅಂತಿದ್ದೆ."

ಸೊಸೆಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಬೆರಳ ತುದಿಯ ಬಿಳಿ ಪುಡಿಯನ್ನು ನೋಡಿದಳು. ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು.

ದಂತವೈದ್ಯೆ ಗಡಿಯಾರ ನೋಡಿ ಗಿಟಾರಿನ ಪೆಟ್ಟಿಗೆಯನ್ನು ತೆರೆದಿಟ್ಟರು. ಅತ್ತೆ ಮಾತ್ರ, "ಒಂದ್ನಿಮಿಷ ಕೊಡಿ ಇಲ್ಲಿ," ಎಂದು ಗಿಟಾರನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು, ಆಂಪ್ಲಿಫೈಯರನ್ನು ಬಲ ಮೊಣಕೈಗೆ ನೇತುಹಾಕಿಕೊಂಡು ಬಾಗಿಲು ದಾಟಿದರು.

"ಆಂಟೀ, ಲೇಟಾಗುತ್ತೆ! ಎಲ್ಲಿಗೆ?"

ಪಕ್ಕದಲ್ಲಿ ಬೀಗ ರಿಪೇರಿಯವನ ಅಂಗಡಿಯಿತ್ತು. ಅಲ್ಲಿಂದ ಅತ್ತೆಯ ದನಿ ಗೋಡೆ ಹಾಯ್ದು ಬಂತು: "ಆ ಕೀಲಿ ಕೆಳಗಿಡಪ್ಪ ಸ್ವಲ್ಪ. ಇದನ್ನ ಕೇಳು. ಇಲ್ಲಿ, ಈ ಕಡ್ಡಿ ನೀನೇ ಒತ್ತು, ನನ್ನ ಕೈಲಾಗಲ್ಲ."

ಒಂದು ಸ್ವರ ಇಳಿಯಿತು, ಏರಿತು, ತನ್ನ ಜಾಗದಲ್ಲಿ ನಿಂತಿತು.

"ಇನ್ನೊಂದ್ಸಲ," ಎಂದರು ಅತ್ತೆ. "ಹೆದರಬೇಡ, ಜೋರಾಗಿ ಒತ್ತು."

ತೆರೆದ ಖಾಲಿ ಪೆಟ್ಟಿಗೆಯ ಪಕ್ಕದಲ್ಲಿ ದಂತವೈದ್ಯೆಯೂ ಸೊಸೆಯೂ ನಿಂತು ಕೇಳುತ್ತಿದ್ದರು.