ಐದು ತುಂಡಿನ ಕ್ರಿಯಾಪದ

ನಾವು ಬಂದು ನೆಲೆಸಿದ ಫ್ರೆಂಚ್ ಊರಿನ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಕಾಯಂ ಆಗಬೇಕಾದರೆ ನಾನು ಫ್ರೆಂಚಿನ ಮೌಖಿಕ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿದ್ದೆ. ಮೂರನೆಯದೇ ಕೊನೆಯದು. ಎರಡು ಸಲವೂ ನನಗೆ ಕೈಕೊಟ್ಟದ್ದು ಮಾರುದ್ದದ ಕ್ರಿಯಾಪದಗಳು. ರೈಲಿನಂಥ ಆ ಪದಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಪಾಠ ಹೇಳಿಕೊಡುತ್ತಿದ್ದವಳು ನಾದಿನಿ. ಶಾಲೆಯಲ್ಲಿ ಫ್ರೆಂಚ್ ಟೀಚರು, ಹೊಗಳಿಕೆಯಲ್ಲಿ ಮಹಾ ಜಿಪುಣಿ.

"ಮತ್ತೆ ಶುರುಮಾಡಿಯಾರು ಅನ್ನೋಕೆ ಹದಿನಾರು ಅಕ್ಷರ ಬೇಕಾ ಇವರಿಗೆ?" ಎಂದೆ.

"ನಮ್ಮದೇನು ಗಿಡ್ಡ ಇದೆಯಾ ಅತ್ತಿಗೆ? ಒಂದೇ ಸಲ ನುಂಗಬೇಡಿ, ತುಂಡು ಮಾಡಿ. ರ, ಕೊ, ಮಾಂ, ಸ, ರೆ. ಕೊನೇಲಿರೋ ಐದು ಅಕ್ಷರ ಬರೀ ತೋರಿಕೆಗೆ. ಬಾಯಲ್ಲಿ ಒಂದು 'ಎ' ಬಂದರೆ ಸಾಕು."

ನನಗೆ ಪುರುಸೊತ್ತು ಸಿಗುತ್ತಿದ್ದದ್ದು ಹೊಲಿಯುವಾಗ ಮಾತ್ರ. ಪೆಡಲನ್ನು ಒಮ್ಮೆ ತುಳಿದರೆ ಒಂದು ತುಂಡು. ಐದು ತುಳಿತಕ್ಕೆ ಪದ ಮುಗಿಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ನೀರು ಕುಡಿದಷ್ಟು ಸಲೀಸಾಯಿತು. ಕಲಿತದ್ದು ನಾಲಿಗೆಯಲ್ಲ, ಕಾಲು ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಪರೀಕ್ಷೆಯ ಕೋಣೆಯಲ್ಲಿ ಉದ್ದ ಮೂಗಿನ ಪರೀಕ್ಷಕರು ಹಾಳೆ ಕೊಟ್ಟು, ನಿಂತು ಓದಲು ಹೇಳಿದರು. ಎರಡನೇ ಸಾಲಿನಲ್ಲೇ ಆ ಹದಿನಾರು ಅಕ್ಷರ ಕಾದು ಕೂತಿತ್ತು. 'ರ' ಎಂದೆ. ಮುಂದೆ ಬಾಯಿ ಕಟ್ಟಿತು. ಇನ್ನೊಮ್ಮೆ 'ರ' ಎಂದೆ. ಪರೀಕ್ಷಕರ ಪೆನ್ನು ಹಾಳೆಯತ್ತ ಇಳಿಯಿತು. ಹಿಮ್ಮಡಿಗಳೆರಡೂ ನೆಲಕ್ಕೆ ಅಂಟಿದ್ದವು; ಕಾಲು ಆಡದೆ ನಾಲಿಗೆ ಆಡದೆಂದು ಆಗ ತಿಳಿಯಿತು.

"ಕೂತ್ಕೊಂಡು ಓದಬಹುದಾ?" ಎಂದು ಫ್ರೆಂಚಿನಲ್ಲೇ ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ.

ಅವರು ಕುರ್ಚಿ ತೋರಿಸಿದರು. ಮೇಜಿನ ಕೆಳಗೆ ಇಲ್ಲದ ಪೆಡಲನ್ನು ತುಳಿಯುತ್ತ ಹೋದೆ. ಐದೂ ತುಂಡು ಸಾಲಾಗಿ ಬಂದವು. ಅದರ ಹಿಂದೆ ಬಂದ ಇನ್ನೂ ಮೂರು ರೈಲುಗಳೂ ದಾಟಿದವು. ಮೇಜು ಸ್ವಲ್ಪ ಅಲುಗಾಡಿತು, ಅವರು ನೀರಿನ ಲೋಟ ಹಿಡಿದುಕೊಂಡರು.

"ಪಾಸು," ಎಂದರು ಕೊನೆಗೆ, ಲೋಟ ಬಿಡದೆ.

ಹೊರಗೆ ಮೆಟ್ಟಿಲ ಮೇಲೆ ಕೂತು ನಾದಿನಿಗೆ ಫೋನ್ ಮಾಡಿದೆ. ಸುದ್ದಿ ಹೇಳಿದೆ. ಯಾವ ತಪ್ಪು ಹುಡುಕುತ್ತಾಳೋ ಎಂದು ಕಾದೆ.

"ಅತ್ತಿಗೆ," ಎಂದಳು. "ಬೆಳಿಗ್ಗೆಯಿಂದ ಒಂದು ತುತ್ತೂ ಇಳಿದಿಲ್ಲ ನನಗೆ. ಈಗ ಊಟ ಮಾಡ್ತೀನಿ."