ಹಸಿರು ಹೋಗಿ ಹಳದಿ ಬಂದಾಗ

ನಾನು ಒಂದು ಮೈಲಿಗಲ್ಲು. ಕಲ್ಲುಕುಟಿಗರು ನನ್ನನ್ನು ಬಂಡೆಯಿಂದ ಸೀಳಿ, ತಲೆ ದುಂಡಗೆ ಮಾಡಿ, ಕಲ್ಲಹಳ್ಳದ ಸೇತುವೆಯ ಪಕ್ಕ ನೆಟ್ಟರು. ಅದು ರಾಜ್ಯ ಹೆದ್ದಾರಿ. ಹಾಗಾಗಿ ತಲೆಗೆ ಹಸಿರು ಬಣ್ಣ. ಎದುರಿಗೆ ನೀಲವ್ವನ ಚಹಾದಂಗಡಿ. ಪ್ರತಿ ಮಳೆಗಾಲದ ಕೊನೆಗೆ ರಾಜ್ಯದ ಕೆಲಸಗಾರರು ಬಂದು ಗುಂಡಿ ಮುಚ್ಚಿ, ಅವಳಲ್ಲಿ ಚಹಾ ಕುಡಿದು ಹೋಗುತ್ತಿದ್ದರು.

ಒಂದು ವರ್ಷ ಇದು ರಾಷ್ಟ್ರೀಯ ಹೆದ್ದಾರಿ ಎಂದು ದಿಲ್ಲಿಯಿಂದ ಘೋಷಣೆಯಾಯಿತು. ಪೇಂಟರ್ ಒಬ್ಬ ಬಂದು ನನ್ನ ತಲೆಯನ್ನು ಹಳದಿ ಮಾಡಿದ. ಊರವರು ಹಿಗ್ಗಿದರು. ನೀಲವ್ವನ ಗಂಡ ಫಕೀರಪ್ಪ ಅಂಗಡಿಗೆ ಹೊಸ ಬೆಂಚುಗಳನ್ನು ತಂದ.

ಆ ಮಳೆಗಾಲದಲ್ಲೇ ಸೇತುವೆಯ ಒಂದು ಮಗ್ಗುಲು ಕುಸಿಯಿತು. ನೀಲವ್ವ ರಾಜ್ಯದ ಕಚೇರಿಗೆ ಹೋದಳು. ಈಗ ಅದು ಕೇಂದ್ರದ ರಸ್ತೆ, ನಾವು ಒಂದು ಬುಟ್ಟಿ ಜಲ್ಲಿ ಹಾಕಿದರೂ ತಪ್ಪಾಗುತ್ತದೆ ಎಂದರು. ರಾಷ್ಟ್ರೀಯ ಹೆದ್ದಾರಿ ಕಚೇರಿಗೆ ಹೋದಳು. ರಾಜ್ಯದವರು ಇನ್ನೂ ನಮಗೆ ಒಪ್ಪಿಸಿಯೇ ಇಲ್ಲ ಎಂದರು. ಎರಡೂ ಕಡೆ ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು. ಸುಳ್ಳನ್ನೂ ಹೇಳಲಿಲ್ಲ.

ಒಂದು ಸಂಜೆ ಹಾಲಿನ ಕ್ಯಾನ್ ಹೇರಿಕೊಂಡು ಬರುತ್ತಿದ್ದ ಫಕೀರಪ್ಪ ಬೈಕಿನ ಸಮೇತ ಆ ಕುಸಿತಕ್ಕೆ ಬಿದ್ದ. ಹಾಲು ನನ್ನ ಬುಡದವರೆಗೆ ಹರಿಯಿತು. ಅವನ ಬಲಗಾಲು ಮುರಿದಿತ್ತು.

ಮರುದಿನ ನೀಲವ್ವ ಬೆಂಚುಗಳನ್ನು ರಸ್ತೆಗೆ ಅಡ್ಡ ಹಾಕಿ ಕುಳಿತಳು. ಊರಿನ ಹೆಂಗಸರೂ ಬಂದು ಕೂತರು. ಎರಡೂ ಬದಿ ಲಾರಿಗಳು ಸಾಲುಗಟ್ಟಿದವು. ಮಧ್ಯಾಹ್ನಕ್ಕೆ ಎರಡೂ ಕಚೇರಿಯ ಎಂಜಿನಿಯರುಗಳು ಬಂದರು. ಇಷ್ಟು ದಿನ ಪತ್ರ ಬರೆದುಕೊಂಡವರು ಒಬ್ಬರ ಮುಖ ಒಬ್ಬರು ಕಂಡದ್ದು ಅದೇ ಮೊದಲು. ರಾಜ್ಯದವರು ಕಾನೂನು ವಿವರಿಸಲು ಹೊರಟಾಗ ನೀಲವ್ವ ತಡೆದಳು.

"ಸಾಹೇಬ್ರ, ದಿಲ್ಲಿಯವರಿಗೂ ನಾನ ಓಟ್ ಹಾಕೀನಿ, ಬೆಂಗಳೂರಿನವರಿಗೂ ನಾನ ಹಾಕೀನಿ. ಇಬ್ಬರೂ ನಮ್ಮವರ. ನನ್ನ ಗಂಡ ಬಿದ್ದಾಗ ಇಬ್ಬರೊಳಗ ಒಬ್ಬರೂ ಇರಲಿಲ್ಲಲ್ರಿ."

ಇಬ್ಬರೂ ಹಳ್ಳಕ್ಕಿಳಿದು ಕುಸಿದ ಮಗ್ಗುಲನ್ನು ಅಳೆದರು. ಆಮೇಲೆ ರಾಜ್ಯದವರು ಜಲ್ಲಿ, ಆಳು ಕೊಡಲು ಒಪ್ಪಿದರು. ಹೆದ್ದಾರಿಯವರು ಪೈಪು, ಜೆಸಿಬಿ. ನನ್ನ ತಲೆಯ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು. ವಾರದೊಳಗೆ ಸೇತುವೆ ಗಟ್ಟಿಯಾಯಿತು.

ಮುಂದೆ ರಸ್ತೆ ಅಗಲವಾದಾಗ ನನ್ನನ್ನು ಕಿತ್ತು ಬದಿಗೆಸೆದರು. ಊರವರು ಉರುಳಿಸಿ ತಂದು ಅಂಗಡಿಯ ಹಿಂದೆ ಹಾಕಿದ್ದಾರೆ. ಕೇಂದ್ರ, ರಾಜ್ಯಗಳ ನಡುವೆ ಅಧಿಕಾರ ಹಂಚಿಕೆಯಾಗಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಎಲ್ಲವೂ ಒಬ್ಬರ ಕೈಯಲ್ಲೇ ಇದ್ದಿದ್ದರೆ ನೀಲವ್ವನಿಗೆ ತಟ್ಟಲು ಎರಡನೆಯ ಬಾಗಿಲೇ ಇರುತ್ತಿರಲಿಲ್ಲ. ಆದರೆ ಹಂಚಿಕೆಯ ಗೆರೆಯ ಮೇಲೂ ಜನ ಓಡಾಡುತ್ತಾರೆ. ಫಕೀರಪ್ಪನ ಮಂಡಿ ಇಂದಿಗೂ ಮಡಚುವುದಿಲ್ಲ. ನನ್ನ ಮೇಲೆ ಕುಳಿತು, ಆ ಕಾಲನ್ನು ಉದ್ದಕ್ಕೆ ಚಾಚಿ, ಅವನು ಲೋಟ ತೊಳೆಯುತ್ತಾನೆ.