ಗಾಳಿ ಬರುತ್ತಿದೆ, ತಂಪಿಲ್ಲ

ಗಾಳಿ ಬರುತ್ತಿದೆ, ಜೋರಾಗಿಯೇ ಬರುತ್ತಿದೆ, ಕೆನ್ನೆಗೆ ತಾಗುತ್ತಿದೆ, ಆದರೆ ಯಾರೋ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ ಬೆಚ್ಚಗೆ — ಅಂದರೆ ಒಳಗಿನ ಫ್ಯಾನ್ ಸರಿಯಿದೆ, ಫಿಲ್ಟರ್ ಕಟ್ಟಿಕೊಂಡಿಲ್ಲ, ಇಷ್ಟು ನನಗೂ ಗೊತ್ತಾಗುತ್ತದೆ, ಪಕ್ಕದ ಸೀಟಿನಲ್ಲಿ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೂತಿರುವ ಫಿದೆನ್ಸಿಯೋಗೆ ನನಗಿಂತ ಮೊದಲೇ ಗೊತ್ತಾಗಿದೆ, ಎಷ್ಟು ತೋರಿಸ್ತಿದೆ ನೋಡು ಮುದುಕಿ, ಅನ್ನುತ್ತಾನೆ, ಮದುವೆಯಾದ ವಾರದಿಂದಲೂ ಮುದುಕಿ, ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ, ಹೊಳೆಯ ಈಚೆ ಅಮೆರಿಕದ ಪ್ರೆಸಿಡಿಯೋದಲ್ಲೂ ಆಚೆ ಮೆಕ್ಸಿಕೋದ ಓಹಿನಾಗದಲ್ಲೂ ಗಂಡಂದಿರು ಹೆಂಡತಿಯನ್ನು ಕರೆಯುವುದೇ ಹಾಗೆ, ಈಗ ಕೂದಲೆಲ್ಲ ಬೆಳ್ಳಗಾದ ಮೇಲೆ ಆ ಮಾತು ಕೇಳಿದರೆ ಯಾಕೋ ಚಿಕ್ಕ ಹುಡುಗಿಯನ್ನು ಕರೆದ ಹಾಗಿರುತ್ತದೆ. ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದ್ದು ನಾನು ದುಡಿದ ಶಾಲೆಯ ಅಡುಗೆಮನೆಯಿಂದ ತಂದ ಥರ್ಮಾಮೀಟರ್, ಮಾಂಸ ಬೆಂದಿದೆಯೇ ಎಂದು ಚುಚ್ಚಿ ನೋಡುವುದು, ಅದರ ಮುಳ್ಳು ಎಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಮೇಲೆ ನಿಂತಿದೆ, ಐವತ್ತರ ಕೆಳಗಿಳಿದರೆ ಮಾತ್ರ ಎಸಿ ಸರಿಯಿದೆ ಎಂದು ಲೆಕ್ಕ, ಎಪ್ಪತ್ತೆಂಟು, ಅಂದೆ, ಹೇಳುವಾಗ ನನ್ನ ಗಂಟಲಿನಲ್ಲಿ ಸಣ್ಣ ಸಂತೋಷವೊಂದು ಅಲ್ಲಾಡಿತು, ಅದನ್ನು ಕೆಮ್ಮಿ ಮುಚ್ಚಿದೆ. ಈ ಪಿಕಪ್ ತಂಪಾಗದಿದ್ದರೆ ನಾಳೆ ಎಲ್ ಪಾಸೋಗೆ ಹೋಗುವುದಿಲ್ಲ. ಎಲ್ ಪಾಸೋಗೆ ಹೋಗದಿದ್ದರೆ ಆ ಆರೈಕೆ ಮನೆಯಲ್ಲಿ ಇವನಿಗಾಗಿ ಹಿಡಿದಿಟ್ಟ ಹಾಸಿಗೆ ಇನ್ನೊಬ್ಬರ ಪಾಲಾಗುತ್ತದೆ, ಇವನು ನನ್ನ ಹತ್ತಿರವೇ ಉಳಿಯುತ್ತಾನೆ, ಇಷ್ಟೇ, ಇಷ್ಟು ಸುಲಭ.

ಬಾನೆಟ್ ಎತ್ತು, ಅನ್ನುತ್ತಾನೆ, ಎತ್ತಿ ಎಷ್ಟೋ ಹೊತ್ತಾಯಿತು ಮಾರಾಯ, ಅನ್ನುತ್ತೇನೆ, ತಗಡಿನ ಚಪ್ಪರದ ನೆರಳಿನಲ್ಲೂ ಇಳಿದು ಇಂಜಿನ್ನಿನ ಮೇಲೆ ಬಗ್ಗಿದರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ, ಹೊರಗೆ ನೂರಾ ಎಂಟು ಡಿಗ್ರಿ, ನೆಲವೂ ಬಿಳಿ, ಆಕಾಶವೂ ಬಿಳಿ. ಎಸಿ ಕ್ಲಚ್ ಟಕ್ ಅಂತ ಹಿಡೀತಾ? ಹಿಡೀತು. ಕಂಪ್ರೆಸರ್ ಬೆಲ್ಟಿನ ಜೊತೆ ತಿರುಗ್ತಿದೆಯಾ? ತಿರುಗ್ತಿದೆ. ದಪ್ಪ ಪೈಪು ಮುಟ್ಟಿ ನೋಡು, ಬೆವರಿದೆಯಾ, ಬಿಯರ್ ಬಾಟಲಿ ಥರ? ಬೆವರಿಲ್ಲ, ಸ್ವಲ್ಪ ತಣ್ಣಗಿದೆ ಅಷ್ಟೇ, ಸಣ್ಣ ಪೈಪು ಮಾತ್ರ ಮುಟ್ಟೋಕಾಗಲ್ಲ, ಸುಡ್ತಿದೆ. ಹೊಲಗಳ ಪಂಪುಗಳನ್ನೆಲ್ಲ ಕಿವಿಯಿಂದಲೇ ರಿಪೇರಿ ಮಾಡಿದವನು, ಈರುಳ್ಳಿ ಹೊಲದ ಆ ತುದಿಯಲ್ಲಿ ಮೋಟಾರು ಗೊರಗೊರ ಅಂದರೆ ಈ ತುದಿಯಲ್ಲಿ ಟೋಪಿ ತೆಗೆದು ನಿಂತು ಕೇಳುತ್ತಿದ್ದವನು, ಈಗ ನನ್ನ ಕೈಗಳನ್ನು ತನ್ನ ಕೈಗಳ ಹಾಗೆ ಕಳಿಸುತ್ತಾನೆ, ಎಡಕ್ಕೆ, ಕೆಳಕ್ಕೆ, ಅಲ್ಲ ಅದರ ಹಿಂದೆ, ನಾನು ಹೋಗುತ್ತೇನೆ. ಕೊಂಪಾದ್ರೆ, ಒಂದೇ ಒಂದು ಡಬ್ಬಿ ಹಾಕ್ತೀನಿ ಕಣೋ, ಅನ್ನುತ್ತಿದ್ದಾನೆ ಚೋನ್, ಮಗುಚಿದ ಬಕೆಟ್ಟಿನ ಮೇಲೆ ಕೂತು ಎಸಿ ಗ್ಯಾಸಿನ ಡಬ್ಬಿಯನ್ನು ಮಗುವಿನ ಗಿಲಕಿಯ ಹಾಗೆ ಅಲ್ಲಾಡಿಸುತ್ತಾ, ಅವನ ಮಗಳ ಜ್ಞಾನಸ್ನಾನಕ್ಕೆ ತೊಟ್ಟಿಯ ಪಕ್ಕ ಮಗುವನ್ನು ಹಿಡಿದವರು ನಾವಿಬ್ಬರು, ಅಂದಿನಿಂದ ಅವನಿಗೆ ನಾವು ಕೊಂಪಾದ್ರೆ ಕೊಮಾದ್ರೆ, ಸಂಬಂಧಿಕರಿಗಿಂತ ಹತ್ತಿರ, ಇವತ್ತು ಫಿದೆನ್ಸಿಯೋನನ್ನು ಎತ್ತಿ ಸೀಟಿನಲ್ಲಿ ಕೂರಿಸಿದ್ದೂ ಅವನೇ. ಬೇಸಿಗೆ ಬಂತು ಅಂದ್ರೆ ಇಡೀ ಊರೇ ಹಾಕುತ್ತಪ್ಪ, ನಿಂದೇನು ಬಿಷಪ್ಪರ ಗಾಡೀನಾ? ಊರೇ ಹಾಕುತ್ತದೆ, ನಿಜ, ಮೇ ತಿಂಗಳು ಬಂದರೆ ಗಂಡಸರೆಲ್ಲ ಒಂದೊಂದು ಡಬ್ಬಿ ಹಿಡಿದು ತಮ್ಮ ತಮ್ಮ ಪಿಕಪ್ಪಿನ ಮುಂದೆ ನಿಲ್ಲುತ್ತಾರೆ, ಬೇಕೋ ಬೇಡವೋ ಯಾರೂ ನೋಡುವುದಿಲ್ಲ, ಗರಿಗಳ ಭಾನುವಾರ ಚರ್ಚಿನಲ್ಲಿ ಎಲ್ಲರೂ ತಾಳೆಗರಿ ಹಿಡಿದ ಹಾಗೆ. ನಿನ್ನ ಗಾಡಿಗೆ ಹಾಕಿ ಹಾಕಿ ಕಂಪ್ರೆಸರ್ ಕೊಂದೆಯಲ್ಲ ಚೋನ್, ಈಗ ನನ್ನದಕ್ಕೂ ಶವಪೆಟ್ಟಿಗೆ ತಂದಿದೀಯಾ? ಅಂದ ಫಿದೆನ್ಸಿಯೋ. ಮುದುಕಿ, ಮೊದಲು ಪ್ರೆಶರ್ ಗೇಜ್ ಸಿಕ್ಕಿಸು. ಸಿಕ್ಕಿಸಿದೆ, ಓದಿ ಹೇಳಿದೆ, ಅವನು ಕಣ್ಣು ಮುಚ್ಚಿ ಕೇಳಿದ. ಗ್ಯಾಸ್ ಕಡಿಮೆ ಇಲ್ಲ, ಒತ್ತಡ ಇರಬೇಕಾದದ್ದಕ್ಕಿಂತ ಹೆಚ್ಚೇ ಇದೆ, ಡಬ್ಬಿ ಕೆಳಗಿಡೋ ಪುಣ್ಯಾತ್ಮ. ಚೋನ್ ಇಡಲಿಲ್ಲ. ಹಾಗಾದ್ರೆ ಭೂತ ಹೊಕ್ಕಿದೆ, ಪಾದ್ರಿಗೆ ಹೇಳಿ ಕಳಿಸ್ತೀನಿ, ಅಂದ. ಫಿದೆನ್ಸಿಯೋ ನಕ್ಕ, ನಗು ಬಾಯಿಯ ಒಂದೇ ಬದಿಯಲ್ಲಿ ಬಂತು, ಇನ್ನೊಂದು ಬದಿ ಸುಮ್ಮನಿತ್ತು.

ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ ಈ ಕಾಯಿಲೆ ಎಂದು ಡಾಕ್ಟರಮ್ಮ ಹೇಳಿದ್ದು ಇವನಿಗೆ ಚೆನ್ನಾಗಿ ಅರ್ಥವಾಗಿತ್ತು, ನರಗಳ ಹೊದಿಕೆ ಸವೆಯುತ್ತಿದೆ, ಮೈ ಬಿಸಿಯಾದರೆ ಸುದ್ದಿ ತಲುಪುವುದಿಲ್ಲ, ಕಣ್ಣು ಮಂಜಾಗುತ್ತದೆ, ನಾಲಿಗೆ ದಪ್ಪಗಾಗುತ್ತದೆ, ಕೈ ಕಾಲು ಮಾತು ಕೇಳುವುದಿಲ್ಲ, ತಂಪಾದರೆ ಮತ್ತೆ ಬರುತ್ತದೆ, ಪೂರ್ತಿ ಅಲ್ಲ, ಸ್ವಲ್ಪ ಸ್ವಲ್ಪ ಕಳೆದುಕೊಂಡು ಬರುತ್ತದೆ — ಅಂದರೆ ಶಾರ್ಟ್ ಸರ್ಕ್ಯೂಟು, ಅಂದಿದ್ದ ಇವನು, ಡಾಕ್ಟರಮ್ಮ ಹೌದು ಅಂದಿದ್ದಳು. ನಮ್ಮ ಮನೆಯಲ್ಲಿರುವುದು ನೀರಿನ ಕೂಲರ್, ಒಣ ಬಿಸಿಲಿಗೆ ಸರಿ, ಜುಲೈ ಮೋಡ ಕಟ್ಟಿ ಗಾಳಿ ಹಸಿಯಾದರೆ ಅದು ಒದ್ದೆ ಕಂಬಳಿ ಹೊದಿಸಿದ ಹಾಗೆ, ಕಳೆದ ಜುಲೈಯಲ್ಲಿ ವಾರಗಟ್ಟಲೆ ಇವನ ಮಾತು ನನಗೊಬ್ಬಳಿಗೆ ಮಾತ್ರ ಅರ್ಥವಾಗುತ್ತಿತ್ತು, ಅರ್ಥವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆಮೇಲೆ ಬಚ್ಚಲಮನೆ. ನಾನು ಎತ್ತಲು ಹೋದೆ, ಇಬ್ಬರೂ ಬಿದ್ದೆವು, ನನ್ನ ಮಣಿಕಟ್ಟು ಕೆಳಗೆ ಸಿಕ್ಕಿ ಮುರಿಯಿತು, ಇವನು ನನ್ನ ಪಕ್ಕದಲ್ಲಿ ನೆಲದ ಮೇಲೆ ಬಿದ್ದುಕೊಂಡು ನನ್ನ ಮುಖ ನೋಡುತ್ತಿದ್ದ, ಚೋನನ ಹೆಂಡತಿ ಬಂದು ಬಾಗಿಲು ತಟ್ಟುವವರೆಗೂ ನೋಡುತ್ತಲೇ ಇದ್ದ. ಎಲ್ ಪಾಸೋಗೆ ಫೋನ್ ಮಾಡಿದ್ದು ಇವನೇ. ಅಲ್ಲಿ ಪ್ರತಿ ಕೋಣೆಯಲ್ಲೂ ಎಸಿ ಇದೆಯಂತೆ, ಎತ್ತಲು ಯಂತ್ರ ಇದೆಯಂತೆ. ನಿನಗೆ ನಾನು ಭಾರ ಆದೆನಾ ಅಂತ ಕೇಳಿ ನೋಡು, ಬೈತೀನಿ, ಅಂದಿದ್ದೆ. ಕೇಳಲ್ಲ, ಅಂದ, ನನ್ನ ಕೈಲಿ ನಿನ್ನನ್ನ ನೆಲದಿಂದ ಎತ್ತೋಕಾಗಲಿಲ್ಲ, ಅಷ್ಟೇ. ಆರೈಕೆ ಮನೆಯವರ ವ್ಯಾನು ಬರುವುದು ಮುಂದಿನ ತಿಂಗಳಂತೆ, ಹಾಸಿಗೆ ನಾಳೆ ಸಂಜೆಯವರೆಗೆ ಮಾತ್ರವಂತೆ. ರಾತ್ರಿ ತಂಪಿನಲ್ಲಿ ಹೊರಡೋಣ ಎಂದರೆ ನನ್ನ ಕಣ್ಣಿಗೆ ರಾತ್ರಿ ರಸ್ತೆ ಕಾಣುವುದಿಲ್ಲ, ಮಾರ್ಫಾ ಊರು ದಾಟಿದ ಮೇಲೆ ಜಿಂಕೆಗಳು ಅಡ್ಡ ಬರುತ್ತವೆ, ಚೋನನ ಲೈಸೆನ್ಸು ಕೋರ್ಟಿನಲ್ಲಿದೆ, ಇವತ್ತು ಭಾನುವಾರ, ಹೊಳೆಯಾಚೆಯ ಮೆಕ್ಯಾನಿಕ್‌ಗಳೂ ಬೀಗ ಹಾಕಿ ಮಲಗಿದ್ದಾರೆ, ದಾರಿಗಳೆಲ್ಲ ತಾವಾಗಿಯೇ ಮುಚ್ಚಿಕೊಂಡಿವೆ, ನಾನು ಒಂದನ್ನೂ ಮುಚ್ಚಿಲ್ಲ.

ರಸ್ತೆಯಲ್ಲಿ ಓಡೋವಾಗ ಸ್ವಲ್ಪ ತಂಪು ಬರುತ್ತೆ, ನಿಲ್ಲಿಸಿದ್ರೆ ಬಿಸಿ, ಹೌದಾ, ಅನ್ನುತ್ತಾನೆ ಫಿದೆನ್ಸಿಯೋ, ಹೌದು ಅನ್ನುತ್ತೇನೆ, ಹಾಗಿದ್ರೆ ಮುಂದಿನ ಕಂಡೆನ್ಸರಿಗೆ ಗಾಳಿ ಸಾಲ್ತಿಲ್ಲ, ಬಿಸಿ ಹೊರಗೆ ಹೋಗೋದೇ ಅಲ್ಲಿಂದ, ಚೋನ್, ಪೈಪ್ ತಗೊಂಡು ಮುಂದೆ ನೀರು ಹಾಯಿಸು, ಮುದುಕಿ ನೀನು ಮುಳ್ಳು ನೋಡ್ತಿರು. ಚೋನ್ ಮುಂಭಾಗದ ಜಾಲದೊಳಗೆ ನೀರು ಬಿಟ್ಟ, ಮೊದಲು ಪೈಪಿನಲ್ಲಿ ಕುದ್ದ ನೀರು, ಆಮೇಲೆ ತಣ್ಣೀರು, ಕಿಟಕಿಯಿಂದ ಒಳಗೆ ಬಗ್ಗಿ ನೋಡುತ್ತಿದ್ದೇನೆ, ಎಪ್ಪತ್ತೆಂಟು, ಎಪ್ಪತ್ತೈದು, ಎಪ್ಪತ್ತು, ಅರವತ್ತಾರು, ನನ್ನ ಎದೆ ಆ ಮುಳ್ಳಿನ ಜೊತೆಗೇ ಇಳಿಯಿತು, ನೋಡಿದ್ಯಾ ಅಂದ ಫಿದೆನ್ಸಿಯೋ, ಕಂಪ್ರೆಸರ್ ಗಟ್ಟಿಯಾಗಿದೆ, ಏನೋ ಸಣ್ಣದು, ಮುಂದೆ ಏನಾದ್ರೂ ಅಡ್ಡ ಇದೆಯಾ ನೋಡು. ಹೋಗಿ ನೋಡಿದೆ. ಕಂಡೆನ್ಸರಿನ ಮುಂದೆ, ಹೊರಗಿನವರಿಗೆ ಕಾಣದ ಹಾಗೆ, ಜಾಲರಿ — ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ, ನಾಲ್ಕು ಮೂಲೆಗೆ ತಂತಿ ಬಿಗಿದದ್ದು, ಮಿಡತೆ ಬಂದ ವರ್ಷ, ರಸ್ತೆಯೇ ನಡೆದು ಹೋಗುವಷ್ಟು ಮಿಡತೆ, ಅವು ಇಂಜಿನ್ನಿಗೆ ನುಗ್ಗದಿರಲೆಂದು ಆಗ ಊರಿನಲ್ಲಿ ಎಲ್ಲರೂ ಕಟ್ಟಿದ್ದರು, ಆಮೇಲೆ ಎಲ್ಲರೂ ಬಿಚ್ಚಿದರು, ನಾವು ಬಿಚ್ಚಲಿಲ್ಲ, ಆ ಚಳಿಗಾಲದಲ್ಲೇ ಇವನ ಕಾಲು ಮೊದಲ ಸಲ ಎಡವಿದ್ದು. ಹೊಳೆದಡದ ಆಲಮೋ ಮರಗಳಿಂದ ಹಾರಿ ಬಂದ ಹತ್ತಿಯಂಥ ಬಿಳಿ ತುಪ್ಪುಳು, ಅದರ ಮೇಲೆ ದೂಳು, ಅದರ ಮೇಲೆ ಮಿಡತೆಯ ಕಾಲುಗಳು, ಮತ್ತೆ ತುಪ್ಪುಳು, ಹಾಸಿಗೆಯ ಹಾಗೆ ದಪ್ಪ ಕೂತಿದೆ, ಚೋನನ ನೀರು ತಾಗಿದ ಕಡೆ ಬೂದು ಮುದ್ದೆಯಾಗಿ ಜೋತಿದೆ. ನನ್ನ ಸೊಂಟದಲ್ಲಿ ಇಕ್ಕಳ ಇದೆ. ಚೋನ್ ಕೂಡ ನೋಡಿದ, ನನ್ನನ್ನೂ ನೋಡಿದ. ಏನಿದೆ? ಅಂತ ಒಳಗಿನಿಂದ ಫಿದೆನ್ಸಿಯೋ ಕೇಳಿದ. ಏನಿಲ್ಲ, ಅಂದೆ. ನನ್ನ ದನಿ ಎಷ್ಟು ಸಲೀಸಾಗಿತ್ತು, ದಿನಾ ಊಟಕ್ಕೇನು ಎಂದು ಕೇಳಿದರೆ ಹೇಳುವಷ್ಟು ಸಲೀಸು. ಏನಿಲ್ವಾ ಚೋನ್? ಚೋನ್ ಹೋಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ, ಬೂಟಿನ ತುದಿ ನೋಡಿಕೊಂಡ, ನಿನ್ನ ಹೆಂಡತಿ ಕಣ್ಣು ನನಗಿಂತ ಚುರುಕು ಕಣೋ, ಅಂದ, ಡಬ್ಬಿಯನ್ನು ಕೊನೆಗೂ ಕೆಳಗಿಟ್ಟ.

ಹಾಗಾದ್ರೆ ಮುಂದಿನ ಫ್ಯಾನೇ ಸರಿಯಾಗಿ ಎಳೀತಿಲ್ಲ, ಅದು ಇವತ್ತು ಸಿಗಲ್ಲ, ನಾಳೆ ಆಗಲ್ಲ ಬಿಡು, ಅಂದ ಫಿದೆನ್ಸಿಯೋ. ಅವನ ದನಿಯಲ್ಲಿ ನನ್ನದರಂಥ ಸಣ್ಣ ಸಂತೋಷವೇನಾದರೂ ಇದೆಯೇ ಎಂದು ಕಿವಿಗೊಟ್ಟೆ, ಅವನು ಪಂಪಿಗೆ ಕಿವಿಗೊಟ್ಟ ಹಾಗೆ, ಏನೂ ಕೇಳಿಸಲಿಲ್ಲ. ಒಳ್ಳೆಯದಾಯಿತು, ಸಂಜೆಗೆ ಬೀನ್ಸ್ ಇದೆ, ಟೋರ್ತಿಯಾ ರೊಟ್ಟಿ ಬಿಸಿ ಮಾಡುತ್ತೇನೆ, ಕೂಲರಿನ ಮುಂದೆ ಮಂಚ ಎಳೆಯುತ್ತೇನೆ, ಜುಲೈ ದೂರ ಇದೆ, ಜುಲೈ ಮುಗಿದೂ ಹೋಗುತ್ತದೆ, ಮಣಿಕಟ್ಟು ಕೂಡಿಕೊಂಡಿದೆ, ಚೋನ್ ದಿನಾ ಬರುತ್ತಾನೆ, ಬರುತ್ತಾನಲ್ಲವೇ, ಇಂಜಿನ್ ಆರಿಸಬೇಕು ಎಂದು ಒಳಗೆ ಬಗ್ಗಿದೆ, ಮುಳ್ಳು ಮತ್ತೆ ಎಪ್ಪತ್ತೆಂಟಕ್ಕೆ ಬಂದು ಎಂಬತ್ತರತ್ತ ಹೊರಟಿತ್ತು, ಟವೆಲ್ ಒಣಗಿತ್ತು, ಅವನು ಕಿಂಡಿಯ ಮುಂದೆ ಕೈ ಚಾಚಿ ಇಟ್ಟಿದ್ದ, ಏನೋ ಹೇಳಿದ. ಏನಂದೆ? ಮತ್ತೆ ಹೇಳಿದ. ಬಾಯಿ ತೆರೆಯಿತು, ಮಾತಿನ ಬದಲು ಮಾತಿನ ಗಂಟು ಬಂತು, ನೀರು ಅಂದನೋ, ನೀನು ಅಂದನೋ, ನನಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ, ಕಣ್ಣು ನನ್ನ ಮುಖದ ಪಕ್ಕದಲ್ಲಿ ಎಲ್ಲೋ ನನ್ನನ್ನು ಹುಡುಕುತ್ತಿತ್ತು, ಚಾಚಿದ ಕೈ ಕಿಂಡಿಯಿಂದ ಜಾರಿ ತೊಡೆಯ ಮೇಲೆ ಬಿತ್ತು, ಬೆರಳುಗಳು ಯಾರದೋ ಬೆರಳುಗಳ ಹಾಗೆ ಬಿದ್ದಿದ್ದವು. ಇವನನ್ನೇನು ನಾನು ಇಟ್ಟುಕೊಳ್ಳುವುದು, ಇದನ್ನು, ಈ ಗಂಟು ಮಾತನ್ನು, ಕಾಣದ ಕಣ್ಣನ್ನು — ಇಕ್ಕಳ ಯಾವಾಗ ಕೈಗೆ ಬಂತೋ, ಕೊಮಾದ್ರೆ ನಿಧಾನ ಕೈ ಕೊಯ್ಯುತ್ತೆ ಎಂದು ಚೋನ್ ಕೂಗುತ್ತಿದ್ದಾನೆ, ಒಂದು ತಂತಿ, ಎರಡನೆಯದು, ಮೂರನೆಯದು ತುಕ್ಕಿನಿಂದ ತಾನೇ ಮುರಿಯಿತು, ಜಾಲರಿಯನ್ನು ಕಿತ್ತು ಎಳೆದೆ, ತುಪ್ಪುಳು ಮುಖಕ್ಕೆ, ಬಾಯಿಗೆ, ಕಿತ್ತೆ, ನೀರು ಬಿಡೋ ಚೋನ್, ಸೀಟಿನಲ್ಲಿ ಅವನ ತಲೆಗೂ ಒಂದು ಬಟ್ಟೆ ನೆನೆಸಿ ಹಾಕೋ, ಬೇಗ.

ಎಪ್ಪತ್ತು. ಅರವತ್ತು. ಐವತ್ತೈದು. ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದೇನೆ, ಗಾಜುಗಳನ್ನೆಲ್ಲ ಏರಿಸಿದ್ದೇನೆ, ತಣ್ಣನೆ ಗಾಳಿ ಅವನ ಕುತ್ತಿಗೆಯ ಮೇಲೆ, ಗದ್ದದ ಮೇಲೆ, ಕೈ ಮೇಲೆ, ಮುಳ್ಳು ನಲವತ್ತೇಳಕ್ಕೆ ಬಂದು ನಿಂತಿತು, ಹೊಸ ಗಾಡಿಗೂ ಇಷ್ಟು ಬರುವುದಿಲ್ಲ, ತೊಡೆಯ ಮೇಲೆ ಬಿದ್ದ ಬೆರಳುಗಳಲ್ಲಿ ಒಂದು ಅಲ್ಲಾಡಿತು, ಆಮೇಲೆ ಇನ್ನೊಂದು, ಕಣ್ಣು ನಿಧಾನವಾಗಿ ತಿರುಗಿ ಅದಕ್ಕೆ ನನ್ನ ಮುಖ ಸಿಕ್ಕಿತು, ಸಿಕ್ಕಿದ್ದು ನನಗೆ ಕಾಣಿಸಿತು. ಜಾಲರಿ, ಅಂದ, ಹೊರಗೆ ನಾನು ಕಿತ್ತೆಸೆದದ್ದನ್ನು ನೋಡಿ. ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ. ನಾನೇ ಕಟ್ಟಿದ್ದೆ ಅಲ್ವಾ, ಮಿಡತೆ ವರ್ಷ, ನೀನು ಆಚೆ ತುದಿ ಹಿಡ್ಕೊಂಡಿದ್ದೆ, ಮರೆತೇ ಹೋಗಿತ್ತು ನೋಡು. ಹೌದು, ಅಂದೆ. ಆಮೇಲೆ ಅವನು ನನ್ನ ಕೂದಲಿನಲ್ಲಿ ಸಿಕ್ಕಿದ ತುಪ್ಪುಳನ್ನು ನೋಡಿದ, ಇಕ್ಕಳ ಹಿಡಿದ ಕೈ ನೋಡಿದ. ಬೆಳಿಗ್ಗೆ ಬೆಳಕಾದ ಕೂಡಲೆ ಹೊರಡೋಣ ಮುದುಕಿ, ದಾರೀಲಿ ವ್ಯಾನ್ ಹಾರ್ನ್ ಊರಲ್ಲಿ ಕಾಫಿಗೆ ನಿಲ್ಲಿಸು, ಇಂಜಿನ್ ಮಾತ್ರ ಆರಿಸಬೇಡ. ಆರಿಸಲ್ಲ. ವಾಪಸ್ ಬರೋವಾಗ ಬಿಸಿಲು ನಿನ್ನ ಬದಿಗೇ ಬೀಳುತ್ತೆ, ಟೋಪಿ ತಗೋ. ವಾಪಸ್, ಅಂದ, ನಾನು ಇನ್ನೂ ಅಲ್ಲಿಯವರೆಗೆ ಯೋಚಿಸಿರಲೇ ಇಲ್ಲ, ಈ ಸೀಟು, ಆ ಖಾಲಿ ಸೀಟು, ನಡುವೆ ಯಾರೂ ಇಲ್ಲದ ನಾಲ್ಕು ಗಂಟೆಯ ರಸ್ತೆ, ಮತ್ತೆ ಅವನ ಕೈ ಎದ್ದಿತು, ತಾನಾಗಿ, ಯಾರೂ ಎತ್ತದೆ, ಕಿಂಡಿಯವರೆಗೆ ಹೋಯಿತು, ತಂಪಿಗೆ ಒಡ್ಡಿಕೊಳ್ಳುತ್ತಾನೆ ಅಂದುಕೊಂಡೆ, ಒಡ್ಡಿಕೊಳ್ಳಲಿಲ್ಲ, ತೋರುಬೆರಳನ್ನು ಕಿಂಡಿಯ ಗಾಳಿ ತಿರುಗಿಸುವ ಪಟ್ಟಿಯ ಅಂಚಿಗೆ ಇಟ್ಟು ದೂಡುತ್ತಿದ್ದಾನೆ, ತನ್ನಿಂದ ಆಚೆಗೆ, ನನ್ನ ಕಡೆಗೆ, ಪಟ್ಟಿ ಬಿಗಿಯಾಗಿದೆ, ಬೆರಳು ಜಾರುತ್ತದೆ, ಮತ್ತೆ ಇಡುತ್ತಾನೆ, ಬೇಡ ನಿನಗೇ ಇರಲಿ ಅನ್ನಬೇಕು, ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿದೆ, ಬೆರಳು ಜಾರುತ್ತದೆ, ಮತ್ತೆ ಇಡುತ್ತಾನೆ, ದೂಡುತ್ತಾನೆ, ಆ ಬೆರಳು, ಪಟ್ಟಿಯ ಅಂಚಿನಲ್ಲಿ, ನನ್ನ ಕಡೆಗೆ, ಆ ಬೆರಳು —